ಪೊಕೆಮಾನ್ ಮೀಮಾಂಸೆ ಅಥವಾ ಪಾಲ್ಡಿಯಾ ಸೀಮೆಯ ಖೆಡ್ಡಾ ವಿಚಾರ

ಗ್ರಂಥಕರ್ತನ ದೇಶ, ಕಾಲ, ಮತಗಳನ್ನು ಮೊದಲು ನಿರ್ಣಯಿಸಿ ಆಮೇಲೆ ಗ್ರಂಥಕ್ಕೆ ಕೈಹಾಕುವುದು ವಿದ್ವಾಂಸರ ರೂಢಿ. ಮುಂದಿನವರಿಗೆ ಆ ತೊಂದರೆ ಬೇಡವೆಂದು ನಾವೇ ಹೇಳಿಬಿಡುತ್ತೇವೆ. ದೇಶ: ಮೈಸೂರು ನಗರದ ಯಾದವಗಿರಿ, ಆಕಾಶವಾಣಿಯ ಆಸುಪಾಸು. (ಮೇಲುಕೋಟೆಗೂ ಯಾದವಗಿರಿಯೆಂಬ ಹೆಸರುಂಟು. ಭಾವೀ ಸಂಶೋಧಕರು ತಪ್ಪು ಬಸ್ಸು ಹತ್ತಬಾರದು.) ಕಾಲ: ‘ಸ್ಕಾರ್ಲೆಟ್’, ‘ವಯೋಲೆಟ್’ ಎಂಬ ಅವಳಿ ಪೊಕೆಮಾನ್ ಆಟಗಳು ಹೊರಬಿದ್ದ 2022ರ ನವೆಂಬರ್ 18ರಿಂದ ಈಚೆಗೆ. ಮತ: ಪೊಕೆಮಾನ್. ಅದರಲ್ಲೂ ಪೊಟ್ಟಣದೊಳಗಿನ ಟ್ಯಾಜೋ ಬಿಲ್ಲೆಯನ್ನು ತಾನಿಟ್ಟುಕೊಂಡು ಚಿಪ್ಸನ್ನು ತಂಗಿಗೆ ದಾನಮಾಡಿದ ಹಳೆಯ ಶಾಖೆ.

ಪ್ರತಿಜ್ಞಾವಾಕ್ಯ ಹೀಗಿದೆ: ಪೊಕೆಮಾನ್ ಜಪಾನಿನಲ್ಲಿ ಹುಟ್ಟಿತೆಂಬುದು ಮೇಲ್ನೋಟದ ಮಾತು. ಅದರ ಮೂಲ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡು.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಟೋಕಿಯೋ ಹೊರವಲಯದಲ್ಲಿ ಬೆಳೆದ ಸಾತೋಶಿ ತಾಜಿರಿ ಎಂಬವರು ಹುಡುಗನಾಗಿದ್ದಾಗ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದರು, ಆ ಹವ್ಯಾಸವೇ 1996ರ ಫೆಬ್ರವರಿ 27ರಂದು ಗೇಮ್ ಬಾಯ್ ಯಂತ್ರದ ಆಟವಾಗಿ ಬಂತು ಎನ್ನುತ್ತಾರೆ. ಇರಲಿ, ತಾರೀಖನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹುಳ ಹಿಡಿಯುವವನಿಗೆ ಒಂದು ಬಲೆ ಸಾಕು. ಪಳಗಿದ ಮೃಗವನ್ನು ಮುಂದೆ ಬಿಟ್ಟು, ಕಾಡುಮೃಗವನ್ನು ಅದರಿಂದ ಹಣ್ಣುಮಾಡಿಸಿ, ಸೋತದ್ದನ್ನು ಹಿಡಿದು, ಹೆಸರಿಟ್ಟು, ಉಣಿಸಿ, ಕಲಿಸಿ, ಮುಂದಿನ ಬೇಟೆಗೆ ಅದನ್ನೇ ಕರೆದೊಯ್ಯುವ ಕ್ರಮವಿದೆಯಲ್ಲ, ಅದು ಕೀಟಶಾಸ್ತ್ರದ್ದಲ್ಲ, ಗಜಶಾಸ್ತ್ರದ್ದು.

ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಆನೆಹಿಂಡು ಹಿಡಿಯುವ ಖೆಡ್ಡಾ ಆರಂಭಿಸಿದ. ಮುಂದೆ ಅದಕ್ಕೆ ಹೆಸರು ಬಂದದ್ದು ಕಾಕನಕೋಟೆಯಿಂದ. ತಮಟೆ, ಬೆಂಕಿ, ಬೊಬ್ಬೆಗಳಿಂದ ಹಿಂಡನ್ನು ಕಬಿನಿ ಹೊಳೆಗಿಳಿಸಿ, ದಾಟಿಸಿ, ಆಚೆ ದಡದ ದೊಡ್ಡಿಗೆ ತುಂಬುತ್ತಿದ್ದರು. ಆಮೇಲೆ ಒಳಗೆ ಹೋಗುತ್ತಿದ್ದುದು ಮಾವುತರನ್ನು ಹೊತ್ತ, ಪಳಗಿದ ಕುಮ್ಕಿ ಆನೆಗಳು. ಕಾಡಾನೆಯನ್ನು ಎರಡು ಬದಿಯಿಂದ ಅದುಮಿ ಹಿಡಿದಾಗ ಕೆಳಗಿಳಿದವನು ಕಾಲಿಗೆ ಹಗ್ಗ ಬಿಗಿಯುತ್ತಿದ್ದ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬಳಿಕ ಕಬಿನಿ ಅಣೆಕಟ್ಟೆಯ ಹಿನ್ನೀರು ಖೆಡ್ಡಾ ಬಯಲನ್ನು ಮುಳುಗಿಸಿತು. ಆಟಗಾರರ ಭಾಷೆಯಲ್ಲಿ ಹೇಳುವುದಾದರೆ, ನಕ್ಷೆಯ ಆ ಭಾಗ ಈಗ ತೆರೆಯುವುದಿಲ್ಲ.

ಗ್ರಂಥಾಧಾರ ಬೇಕೆನ್ನುವವರಿಗೆ ಅದೂ ಮೈಸೂರಿನದೇ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಇಲ್ಲಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ; ಅಚ್ಚಾದದ್ದು 1909ರಲ್ಲಿ. ಆನೆ ಹಿಡಿಯಲು ಬೇಸಗೆ ತಕ್ಕ ಕಾಲ, ಇಪ್ಪತ್ತು ವರ್ಷದ ಆನೆ ಯೋಗ್ಯ, ಮೊಲೆಯುಣ್ಣುವ ಮರಿ, ರೋಗಿ, ಗಬ್ಬದ ಹೆಣ್ಣು ಇವನ್ನು ಮುಟ್ಟಬಾರದು ಎಂದು ಅದರಲ್ಲಿ ವಿಧಿಸಿದೆ. ಸ್ಕಾರ್ಲೆಟ್-ವಯೋಲೆಟ್ ಆಟಗಳ ಸೀಮೆಯಾದ ಪಾಲ್ಡಿಯಾದಲ್ಲಿ ಇಂಥ ಕಟ್ಟುಪಾಡಿಲ್ಲ. ಮರಿಯೋ ಮುದಿಯೋ, ಆ ಸೀಮೆಯ ನಾಣ್ಯದಲ್ಲಿ ಇನ್ನೂರು ಬೆಲೆಯ ಚೆಂಡೊಂದನ್ನು ಎಸೆದರೆ ಮುಗಿಯಿತು. ಕೌಟಿಲ್ಯನನ್ನು ನಿರ್ದಯಿ ಎಂದು ಹಳಿಯುವವರು ಇದನ್ನು ಗಮನಿಸಬೇಕು.

ಕೂಡಿಡುವ ಚಪಲವೂ ಈ ಊರಿಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂದು ಭಾಗವನ್ನೇ ‘ಕೌತುಕನಿಧಿ’ ಎಂದು ಕರೆದು ಆಟಗಳಿಗೆ ಮೀಸಲಿಟ್ಟರು. ಅವರು ಹೇಳಿದ ಗಂಜೀಫಾ ಕಟ್ಟುಗಳಲ್ಲಿ ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ಜಪಾನಿನವರು 1996ರಲ್ಲಿ 151 ಮೃಗಗಳೊಡನೆ ಅಂಗಡಿ ತೆರೆದರೆಂದರೆ ನಮ್ಮ ಮಹಾರಾಜರ ಅರ್ಧಕ್ಕೂ ಬರಲಿಲ್ಲ. ಈಗ ಸ್ಕಾರ್ಲೆಟ್-ವಯೋಲೆಟ್‌ಗಳ ಉಪಕಥೆಗಳೂ ಸೇರಿ ಒಟ್ಟು 1025 ಆಗಿದೆಯಂತೆ. ಒಪ್ಪಿದೆವು. ಆದರೆ ಅವರಿಗೆ ಕಂಪನಿಯಿದೆ, ಇವರಿಗಿದ್ದದ್ದು ಬ್ರಿಟಿಷರು ಕಿತ್ತುಕೊಂಡ ರಾಜ್ಯ ಮತ್ತು ಬೇಕಾದಷ್ಟು ಬಿಡುವು.

ಇನ್ನು ಆಟದ ಕಥೆ. ಅದು ಬೇಗ ಮುಗಿಯುತ್ತದೆ. ಸ್ಪೇನ್ ಕಡೆಯ ನೆಲವನ್ನು ಹೋಲುವ ಪಾಲ್ಡಿಯಾ, ಅಲ್ಲೊಂದು ಶಾಲೆ, ಸೇರಿದ ಕೆಲವೇ ದಿನಕ್ಕೆ ಶಾಲೆಯವರೇ “ನಿಮ್ಮ ನಿಮ್ಮ ನಿಧಿ ಹುಡುಕಿಕೊಂಡು ಬನ್ನಿ” ಎಂದು ಮಕ್ಕಳನ್ನು ಬೀದಿಗೆ ಬಿಡುತ್ತಾರೆ. ಯಾದವಗಿರಿಯ ಯಾವ ತಾಯಿಯೂ ಒಪ್ಪುವ ಪಠ್ಯಕ್ರಮವಲ್ಲ.

ಬಯಲು ಲೋಕದ ಲಕ್ಷಣವನ್ನು ಮಾತ್ರ ವಿಸ್ತರಿಸಬೇಕು. ಹಿಂದಿನ ಆಟಗಳಲ್ಲಿ ದಾರಿ ಕಿರಿದು, ಹುಲ್ಲು ಎತ್ತರ. ಯಾವ ಮೃಗ ಮೇಲೆ ಬೀಳುವುದೋ ಬಿದ್ದಮೇಲೆಯೇ ಗೊತ್ತು. ಈಗ ಎಲ್ಲವೂ ಕಣ್ಣೆದುರು ಮೇಯುತ್ತಿರುತ್ತವೆ, ಯಾವ ದಿಕ್ಕಿಗಾದರೂ ನಡೆಯಬಹುದು. ಜಿಮ್ ಎಂಬ ಎಂಟು ಅಖಾಡಗಳನ್ನು ಯಾವ ಅನುಕ್ರಮದಲ್ಲಾದರೂ ಗೆಲ್ಲಬಹುದು, ಆದರೆ ಎದುರಾಳಿಯ ಮಟ್ಟ ನಮ್ಮನ್ನು ನೋಡಿ ತಗ್ಗುವುದಿಲ್ಲ. ಸ್ವಾತಂತ್ರ್ಯವಿದೆ, ಒದೆಯೂ ಇದೆ. ಈ ಬಯಲಿನ ಮೊದಲ ಪಾಠ ನಮಗಾದದ್ದು ಬೀದಿ ಸುತ್ತಿ ಆಡುವ ಮೊಬೈಲ್ ಆಟ ಪೊಕೆಮಾನ್ ಗೋ ಭಾರತಕ್ಕೆ ಅಧಿಕೃತವಾಗಿ ಬಂದ 2016ರ ಡಿಸೆಂಬರಿನಲ್ಲಿ. ದೇವಸ್ಥಾನದ ಮುಂದೆ ತಲೆತಗ್ಗಿಸಿ ಮೊಬೈಲು ಹಿಡಿದು ನಿಂತವರನ್ನು ಭಕ್ತರೆಂದೇ ಬಗೆದು ಅರ್ಚಕರು ಪ್ರಸಾದ ಕೊಟ್ಟು ಕಳಿಸುತ್ತಿದ್ದರು. ಎರಡು ಫಲ ಒಟ್ಟಿಗೆ ದೊರೆತ ಯುಗವದು.

ಮೈಸೂರೇ ಬಯಲು ಲೋಕವೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವೂ ಉಂಟು. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಚಿರತೆಯೊಂದು ಸಿಸಿಟಿವಿಗೆ ಕಂಡಿತು. ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಎಂದಾಯಿತು. ಅರಣ್ಯ ಇಲಾಖೆ ಬೋನಿಟ್ಟಿತು, ಕ್ಯಾಮೆರಾ ಕಟ್ಟಿತು, ಡ್ರೋನ್ ಹಾರಿಸಿತು. ಚಿರತೆ ಸಿಗಲಿಲ್ಲ. ಹಳೆಯ ಆಟಗಾರರಾದ ನಮಗೆ ಇದರಲ್ಲಿ ಅಚ್ಚರಿಯಿಲ್ಲ: ಹುಡುಕುವವರು ಹೆಚ್ಚಿದಷ್ಟೂ ಅಪರೂಪದ ಮೃಗ ಅಪರೂಪವೇ ಆಗುತ್ತದೆ.

ನಮ್ಮ ಯಾದವಗಿರಿಯ ಮತ್ತೊಂದು ಹಿರಿಮೆ ಆರ್.ಕೆ. ನಾರಾಯಣ್ ಅವರ ಮನೆ, 2016ರಿಂದ ವಸ್ತುಸಂಗ್ರಹಾಲಯ. ಭೂಪಟದಲ್ಲಿಲ್ಲದ ಮಾಲ್ಗುಡಿಯನ್ನು ಬೀದಿ, ಹೊಳೆ, ರೈಲು ನಿಲ್ದಾಣಗಳ ಸಮೇತ ಕಟ್ಟಿದವರು ಬಯಲು ಲೋಕದ ಆದಿಕರ್ತೃಗಳಲ್ಲದೆ ಇನ್ನೇನು? 1961ರ ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯ ವಾಸು ಸತ್ತ ಪ್ರಾಣಿಗಳ ಚರ್ಮಕ್ಕೆ ರೂಪ ತುಂಬುವವನು, ಮುದ್ರಕ ನಟರಾಜನ ಅಟ್ಟದ ಕೋಣೆಯನ್ನು ರಾಶಿಗಟ್ಟಲೆ ಕಳೇಬರದಿಂದ ತುಂಬಿ, ಕಡೆಗೆ ಗುಡಿಯ ಆನೆ ಕುಮಾರನ ಮೇಲೂ ಕಣ್ಣುಹಾಕುತ್ತಾನೆ. ಸೊಳ್ಳೆ ಹೊಡೆಯಲು ತನ್ನ ಹಣೆಗೆ ತಾನೇ ಬಾರಿಸಿಕೊಂಡು ಸಾಯುತ್ತಾನೆ. ಪೊಕೆಮಾನ್ ಖಳರಾದ ಟೀಮ್ ರಾಕೆಟ್‌ನವರಿಗೆ ಇದಕ್ಕಿಂತ ಸ್ಪಷ್ಟ ಪೂರ್ವಜನಿಲ್ಲ. (ಇಂಥ ಕಸುಬಿನ ನಿಜದ ಮನೆತನವೂ ಮೈಸೂರಿನಲ್ಲಿತ್ತು. ವ್ಯಾನ್ ಇಂಗೆನ್ ಸಂಸ್ಥೆ ಹದಮಾಡಿ ನಿಲ್ಲಿಸಿದ ಹುಲಿ ಚಿರತೆಗಳು ದೇಶವಿದೇಶದ ಗೋಡೆಗಳಲ್ಲಿ ಇಂದಿಗೂ ಹಲ್ಲು ಕಿರಿಯುತ್ತಿವೆ.)

ಗ್ರಹಣವಿಧಿಯನ್ನು ಹತ್ತಿರದಿಂದ ನೋಡೋಣ. ಲೆಚಾಂಕ್ ಎಂಬ ಹಂದಿಮರಿ, ತೂಕ 10.2 ಕೆ.ಜಿ., ಹುಲ್ಲು ಮೂಸುತ್ತಾ ನಿಂತಿದೆ. ಬೆನ್ನ ಹಿಂದಿನಿಂದ ಬಗ್ಗಿ ಹೋಗಬೇಕು. ಎರಡು ಪೆಟ್ಟು ಕೊಟ್ಟು, ಪ್ರಾಣದ ಪಟ್ಟಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿದಾಗ ಚೆಂಡೆಸೆಯಬೇಕು. ಚೆಂಡು ಒಮ್ಮೆ ಅಲುಗುತ್ತದೆ. ಇನ್ನೊಮ್ಮೆ ಅಲುಗುತ್ತದೆ. ಮೂರನೆಯದಕ್ಕೆ ಉಸಿರು ಬಿಗಿಹಿಡಿಯುವುದು ಸಾಂಪ್ರದಾಯಿಕ. ಈ ಮಧ್ಯೆ ಕೆಳಬಾಣವನ್ನೂ ಬಿ ಗುಂಡಿಯನ್ನೂ ಒಟ್ಟಿಗೆ ಅದುಮಿ ಹಿಡಿದರೆ ಮೃಗ ಜಾರುವುದಿಲ್ಲವೆಂದು ಹಳಬರ ನಂಬಿಕೆ. ಆಟದ ಲೆಕ್ಕ ಬೇರೆಯೇ ಇದೆ: ಪ್ರತಿ ಮೃಗಕ್ಕೂ 3ರಿಂದ 255ರವರೆಗೆ ಒಂದು ಹಿಡಿತಾಂಕ, ಉಳಿದ ಪ್ರಾಣ ಎಷ್ಟು, ನಿದ್ದೆಯಲ್ಲಿದೆಯೇ, ಚೆಂಡು ಯಾವುದು. ಗುಂಡಿಯ ಪ್ರಸ್ತಾಪ ಅದರಲ್ಲೆಲ್ಲೂ ಇಲ್ಲ. ಆದರೂ ಒತ್ತುತ್ತೇವೆ. ಭಾರತ ಬ್ಯಾಟಿಂಗ್ ಮಾಡುವಾಗ ಕೂತ ಕುರ್ಚಿ ಬಿಟ್ಟೇಳಬಾರದೆಂಬ ಶಾಸ್ತ್ರಕ್ಕೆ ಇದು ಸೋದರಸಂಬಂಧಿ.

ಹಿಡಿದದ್ದನ್ನು ಎಲ್ಲಿಡುವುದು ಎಂಬ ಪ್ರಶ್ನೆಯನ್ನು ನಮ್ಮ ಅಮ್ಮ ಎತ್ತಿದರು.

“ಅಷ್ಟೊಂದು ಹಿಡಿದು ಎಲ್ಲಿ ತುಂಬ್ತೀಯೋ?”

“ಪೆಟ್ಟಿಗೇಲಮ್ಮ. ಮೂವತ್ತೆರಡು ಪೆಟ್ಟಿಗೆ ಇವೆ, ಒಂದೊಂದರಲ್ಲಿ ಮೂವತ್ತು.”

“ಹಾಗಾದ್ರೆ ಮೊದಲು ಅಟ್ಟದ ಮೇಲಿರೋ ಬೊಂಬೆ ಪೆಟ್ಟಿಗೆ ಇಳಿಸಿಕೊಡು. ನವರಾತ್ರಿ ಬಂತು.”

ಗಿಮಿಘೂಲ್ ಪ್ರಕರಣದಲ್ಲೂ ಅವರದೇ ಕಡೆಯ ಮಾತು. ಪೆಟ್ಟಿಗೆಯಲ್ಲಿ ಅಡಗಿ ಕೂರುವ ಈ ಪಿಶಾಚಿ ಚಿನ್ನದ ರೂಪ ತಾಳಬೇಕಾದರೆ ಸೀಮೆಯ ಮೂಲೆಮೂಲೆ ತಿರುಗಿ 999 ನಾಣ್ಯ ಕೂಡಿಸಬೇಕು. “ಸಾವಿರಕ್ಕೆ ಒಂದು ಕಮ್ಮಿ ಯಾಕೆ? ಬಾಟಾ ಅಂಗಡಿಯೇನೋ?” ಈ ಪ್ರಶ್ನೆಗೆ ಭಾಷ್ಯಕಾರರಲ್ಲಿ ಉತ್ತರವಿಲ್ಲ.

ಆಟದ ತತ್ತ್ವಶಾಸ್ತ್ರ ಬೇರೆಯೇ ಗ್ರಂಥಕ್ಕೆ ವಸ್ತು. ದೂರದ ಗಾಳಿಯಂತ್ರ ತಡವರಿಸುತ್ತಾ ತಿರುಗುತ್ತದೆ, ದೂರದ ಜನ ನೆಗೆದು ನೆಗೆದು ನಡೆಯುತ್ತಾರೆ, ಹತ್ತಿರ ಹೋದರೆ ಸರಾಗವಾಗುತ್ತಾರೆ. ಕೆಲವೊಮ್ಮೆ ನಿಂತ ನೆಲದೊಳಕ್ಕೇ ಮನುಷ್ಯರು ಇಳಿದುಹೋಗುತ್ತಾರೆ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಿದ ನಿಂಟೆಂಡೊ ಡಿಸೆಂಬರಿನಲ್ಲಿ ಇದಕ್ಕೆ ಕ್ಷಮೆ ಕೇಳಿತು. ಕೇಳಬೇಕಾಗಿರಲಿಲ್ಲ. ನೋಡಿದಾಗ ಮಾತ್ರ ಜಗತ್ತು ಹುಟ್ಟುತ್ತದೆಂಬ ದೃಷ್ಟಿಸೃಷ್ಟಿವಾದವನ್ನು ಇಷ್ಟು ಸರಳವಾಗಿ ತೋರಿಸಿಕೊಟ್ಟ ಕೃತಿ ಇನ್ನೊಂದಿಲ್ಲ.

ತೂಕಪ್ರಕರಣಕ್ಕೆ ಬರೋಣ, ನಮ್ಮ ಸಿದ್ಧಾಂತದ ನೆಲೆ ಅದೇ. ದಸರೆಗೆ ಮುನ್ನ ಆನೆಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುತ್ತಾರೆ. ಮರುದಿನ ಪತ್ರಿಕೆಯಲ್ಲಿ ಪಟ್ಟಿ ಬರುತ್ತದೆ. ಮೈಸೂರಿಗರು ಕಾಫಿ ಹೀರುತ್ತಾ ಓದಿ “ಈ ಸಲ ಇವನು ಇಳಿದುಹೋಗಿದ್ದಾನೆ” ಎಂದು ಮರುಗುತ್ತಾರೆ. ಪೊಕೆಡೆಕ್ಸ್ ಎಂಬ ಕೋಶವೂ ಪ್ರತಿ ಮೃಗದ ಎತ್ತರ-ತೂಕ ಕೊಡುವುದರಿಂದ ತುಲನೆ ಅನಿವಾರ್ಯ. ಮರಿಯಾನೆ ಫ್ಯಾನ್ಪಿ 33.5 ಕೆ.ಜಿ. ಅದೇ ಬೆಳೆದು ಡಾನ್‌ಫಾನ್ ಆದಾಗ 120. ಸ್ಕಾರ್ಲೆಟ್‌ನಲ್ಲಿ ಮಾತ್ರ ಸಿಗುವ ಪುರಾತನ ಕೊಂಬಾನೆ ಗ್ರೇಟ್ ಟಸ್ಕ್ 320. ವಯೋಲೆಟ್‌ನಲ್ಲಿ ಮಾತ್ರ ಸಿಗುವ ಕಬ್ಬಿಣದ ಆನೆ ಐರನ್ ಟ್ರೆಡ್ಸ್ 240. 2019ರ ಆಟಗಳಲ್ಲಿ ಬಂದ ಕಾಪರಾಜ 650. ಚಿನ್ನದ ಅಂಬಾರಿಯೊಂದೇ 750! ಆಟದ ಆ ಐದು ಆನೆಗಳನ್ನೂ ಒಂದೇ ತಕ್ಕಡಿಗೆ ಹಾಕಿದರೂ 2020ರಿಂದ ಅಂಬಾರಿ ಹೊತ್ತ ಅಭಿಮನ್ಯುವಿನ ಮೂರರಲ್ಲೊಂದು ಪಾಲಿಗೆ ಬಾರವು. ಅವನು ಐದು ಸಾವಿರ ಕಿಲೋ ದಾಟಿದವನು. ಕಾಡಾನೆ ಹಿಡಿಯುವ ಕಾರ್ಯಾಚರಣೆಗಳಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನೂ ಅವನೇ. ಜಪಾನಿನವರು ನಕಲು ಮಾಡುವಾಗ ಸೊನ್ನೆಯೊಂದನ್ನು ಬಿಟ್ಟಿದ್ದಾರೆಂಬುದು ನಮ್ಮ ಪಾಠಶೋಧನೆ.

ಎದುರುಮನೆಯ ನಿವೃತ್ತ ಮೇಷ್ಟ್ರು ಇದನ್ನೆಲ್ಲ ಗೇಟಿನ ಹತ್ತಿರ ನಿಂತು ಪೂರ್ತಿ ಕೇಳಿದರು.

“ಅಲ್ಲಪ್ಪ, ನಿನ್ನ ಆಟದಲ್ಲಿ ಹೊಡೆದಾಡಿ ಬಿದ್ದದ್ದು ಏನಾಗುತ್ತೆ?”

“ಮೂರ್ಛೆ ಹೋಗುತ್ತೆ ಮೇಷ್ಟ್ರೇ. ರಸ್ತೆ ಬದಿಯಲ್ಲಿ ಚಿಕಿತ್ಸಾ ಕೇಂದ್ರ ಇರುತ್ತೆ, ದುಡ್ಡು ಕೂಡ ತಗೊಳಲ್ಲ. ಒಂದು ಸಂಗೀತ ಬರುತ್ತೆ, ಎದ್ದುಬಿಡುತ್ತೆ.”

“ಅರ್ಜುನ ಏಳಲಿಲ್ಲವಲ್ಲಪ್ಪ.”

ಎಂಟು ವರ್ಷ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯಲು ಹೋದಾಗ, ಒಂಟಿಸಲಗದೊಡನೆ ಕಾದಾಡಿ ಸತ್ತ. ಖೆಡ್ಡಾದಲ್ಲಿ ಸೆರೆಸಿಕ್ಕವನು, ಸೆರೆಹಿಡಿಯುವ ಕೆಲಸದಲ್ಲೇ ಹೋದ. ಈ ಪೂರ್ವಪಕ್ಷಕ್ಕೆ ನಾವು ಖಂಡನೆ ಬರೆದಿಲ್ಲ. ಮೇಷ್ಟ್ರು ಹಾಲು ತರಲು ಹೋದರು.

ಉಳಿದದ್ದು ಮತಭೇದ. ಒಂದೇ ಆಟವನ್ನು ಎರಡಾಗಿ ಮಾರಿದ್ದಾರೆ, ಒಂದರಲ್ಲಿರುವ ಕೆಲವು ಮೃಗ ಇನ್ನೊಂದರಲ್ಲಿಲ್ಲ. ಎರಡೂ ಒಂದೇ, ಭೇದ ಬರೀ ಡಬ್ಬದ ಬಣ್ಣದ್ದು ಎಂದು ಒಂದನ್ನೇ ಕೊಂಡವರು ಅದ್ವೈತಿಗಳು. ಭೇದ ಸತ್ಯವೆಂದು ಎರಡಕ್ಕೂ ದುಡ್ಡು ಸುರಿದವರು ದ್ವೈತಿಗಳು. ಒಂದನ್ನು ಕೊಂಡು, ಇನ್ನೊಂದನ್ನು ಬೆಂಗಳೂರಿನ ಸೋದರತ್ತೆ ಮಗನಿಂದ ರಜಕ್ಕೆ ಎರವಲು ತರುವವರು ವಿಶಿಷ್ಟಾದ್ವೈತಿಗಳು. ನಾವು ಹುಟ್ಟಿನಿಂದ ಮೂರನೆಯವರು, ಆದರೆ ಈ ವರ್ಷ ಅತ್ತೆಯ ಮಗ ಮಾತಾಡುತ್ತಿಲ್ಲ.

ಆದಕಾರಣ ಯಾದವಗಿರಿ, ಪಡುವಾರಹಳ್ಳಿ, ಗೋಕುಲಂ, ವಾಣಿವಿಲಾಸ ಮೊಹಲ್ಲಾದ ವಿದ್ವಜ್ಜನರಲ್ಲಿ ಅರಿಕೆ: ವಯೋಲೆಟ್ ಆಡುವವರು ಯಾರಾದರೂ ಇದ್ದರೆ ಭಾನುವಾರ ಸಂಜೆ ಆಕಾಶವಾಣಿ ವೃತ್ತದ ಕಡೆ ಬನ್ನಿ. ನಿಮ್ಮ ಕಬ್ಬಿಣದ ಆನೆ ಒಂದು ಕೊಟ್ಟರೆ ನಮ್ಮ ಕೊಂಬಾನೆ ಎರಡು ಕೊಡುತ್ತೇವೆ. ಕಾಫಿ ನಮ್ಮದು. ನಿಂಟೆಂಡೊ ಸ್ವಿಚ್ ಯಂತ್ರ ಚಾರ್ಜ್ ಮಾಡಿಕೊಂಡು ಬನ್ನಿ.