ಕೂಗಿದರಷ್ಟೇ ಬಿಜಾಪುರ

ಗೋಳಗುಮ್ಮಟ ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ. ಗೈಡ್ ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಗೇಟಿನ ಹೊರಗೆ ಕಬ್ಬಿನ ಹಾಲು ಮಾರುವವರೂ ಹೇಳುತ್ತಾರೆ. ಟೇಪು ಹಿಡಿದು ಅಳೆದವರು ಮಾತ್ರ ಅರಸಿಕರು. ರೋಮಿನ ಸೇಂಟ್ ಪೀಟರ್ಸ್ ಗುಮ್ಮಟದ ಒಳವ್ಯಾಸ 41 ಮೀಟರ್ ದಾಟುತ್ತದಂತೆ, ಅದೇ ಊರಿನ ಪ್ಯಾಂಥಿಯನ್‌ನದು 43, ಫ್ಲಾರೆನ್ಸಿನದು ಅದಕ್ಕೂ ದೊಡ್ಡದು. ನಮ್ಮದು ಸುಮಾರು 38. ಆದರೂ ಎರಡನೇ ಸ್ಥಾನ ಬಿಡಬಾರದು. ಮೊದಲನೆಯವರು ನಾವೇ ಎಂದರೆ ಯಾರಾದರೂ ಅಳೆಯಲು ಬಂದಾರು. ಎರಡನೆಯವರು ಎಂದರೆ ವಿನಯವಂತರೆಂದು ಸುಮ್ಮನಾಗುತ್ತಾರೆ.

ಹೆಮ್ಮೆಪಡುವುದಕ್ಕೆ ಅಲ್ಲಿ ಬೇರೆ ಕಾರಣಗಳಿಲ್ಲವೆಂದಲ್ಲ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೆಣೆದುಕೊಂಡು, ಚೌಕದ ಗೋಡೆಯ ಮೇಲೆ ಅಷ್ಟು ದೊಡ್ಡ ದುಂಡನ್ನು ಕೂರಿಸಿವೆ. ಕೆಳಗೆ ಹದಿನೆಂಟು ಸಾವಿರ ಚದರಡಿ ಜಾಗ, ನಡುವೆ ಒಂದೇ ಒಂದು ಕಂಬವಿಲ್ಲ. ಆದರೆ ಇದಕ್ಕೆ ರ‍್ಯಾಂಕ್ ಇಲ್ಲವಲ್ಲ. ಮೇಲಾಗಿ, ಕಮಾನು ನೋಡುವುದಕ್ಕೆ ಕತ್ತು ಎತ್ತಬೇಕು, ಬಾಯಿ ಮುಚ್ಚಬೇಕು. ಟಿಕೆಟ್ ಕೊಂಡವರು ಅದಕ್ಕೆ ಬಂದಿರುವುದಿಲ್ಲ.

ಬಂದಿರುವುದು ಕೂಗುವುದಕ್ಕೆ. ಮೂಲೆಯ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲಲ್ಲಿ ಏಳು ಅಂತಸ್ತು ಏದುಸಿರು ಬಿಡುತ್ತ ಹತ್ತಿ, ಪಿಸುಮಾತಿನ ಗ್ಯಾಲರಿಗೆ ಕಾಲಿಟ್ಟ ಕೂಡಲೇ ಉಸಿರು ಅದೆಲ್ಲಿಂದ ಬರುತ್ತದೋ! ಗೋಡೆಗೆ ಬಾಯಿಟ್ಟು ಗುಟ್ಟು ಹೇಳಿದರೂ ಎದುರು ಬದಿಯವರಿಗೆ ಕೇಳಿಸುವ ಜಾಗವಿದು. ನಮ್ಮ ಸಂದೇಹ ಮಾತ್ರ ತೀರುವುದಿಲ್ಲ, ಕೇಳಿಸದಿದ್ದರೆ? ಆದ್ದರಿಂದ ಒಬ್ಬರು ಸೀಟಿ ಹೊಡೆಯುತ್ತಾರೆ, ಇನ್ನೊಬ್ಬರು ನೆಚ್ಚಿನ ನಟನಿಗೆ ಜೈಕಾರ ಹಾಕುತ್ತಾರೆ, ಬೆಂಗಳೂರಿನಿಂದ ಬಂದ ಅಂಕಲ್ ಒಬ್ಬರು ಎದುರಿಗಿರುವ ಹೆಂಡತಿಗೆ “ಕೇಳಿಸ್ತಾ?” ಎನ್ನುತ್ತಾರೆ. ಗುಮ್ಮಟ ಏಳು ಸಲ “ಸ್ತಾ, ಸ್ತಾ” ಎನ್ನುತ್ತದೆ. ಹತ್ತು ಸಲ ಎಂದು ಗೈಡ್. ಎಣಿಸೋಣವೆಂದರೆ ಅಷ್ಟರಲ್ಲಿ ಐವತ್ತು ಮಕ್ಕಳ ಶಾಲಾ ಪ್ರವಾಸ ಮೇಲೆ ಬಂದಿರುತ್ತದೆ. “ಏ ಮಂಜ್ಯಾ, ಈ ಕಡೆ ಬಾರೋ!” ಎಂದು ಮೇಷ್ಟ್ರು ಚೀರುತ್ತಾರೆ. ಕರೆ ಎಲ್ಲ ಕಡೆಯಿಂದಲೂ ಬರುತ್ತಿರುವಾಗ ಮಂಜ್ಯಾ ಯಾವ ಕಡೆ ಬರಬೇಕು? ಕೊನೆಗೆ ಕಾವಲುಗಾರ “ಒದರಬ್ಯಾಡ್ರೀ!” ಎಂದು ಒದರುತ್ತಾನೆ. ಆ ದಿನದ ಅತಿ ದೊಡ್ಡ ಕೂಗು ಅದೇ. ಶಿಲೆಯೂ ಗಾರೆಯೂ ಅದನ್ನು ಸರ್ಕಾರಿ ಸುತ್ತೋಲೆಯಂತೆ ಮತ್ತೆ ಮತ್ತೆ ಓದುತ್ತವೆ.

ಅಂದಹಾಗೆ ಕೆಳಗೆ ಗೋರಿಗಳಿವೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾ ಮತ್ತು ಅವನ ಮನೆಯವರದು. ಮೇಲೆ ಕಾಣುವವು ಬರೀ ಗುರುತು. ನಿಜವಾಗಿ ಮಲಗಿರುವುದು ನೆಲಮಾಳಿಗೆಯಲ್ಲಿ. ಶಾಲಾ ಪ್ರವಾಸಗಳ ಸುಳಿವು ಸುಲ್ತಾನನಿಗೆ ಮೊದಲೇ ಸಿಕ್ಕಿತ್ತೆಂದು ಕಾಣುತ್ತದೆ.

ಊರಿನ ಇನ್ನೊಂದು ಗೋರಿ ಇಬ್ರಾಹಿಂ ರೋಜಾಕ್ಕೆ ಕೊಡುವ ಮರ್ಯಾದೆಯೇ ಬೇರೆ: “ದಕ್ಷಿಣದ ತಾಜ್ ಮಹಲ್”. ತಾಜ್ ಮಹಲಿನ ಕೆಲಸ ಶುರುವಾಗಿದ್ದು 1632ರಲ್ಲಿ. ಅಷ್ಟು ಹೊತ್ತಿಗೆ ರೋಜಾ ಮುಗಿದು, ಎರಡನೇ ಇಬ್ರಾಹಿಂ ಆದಿಲ್ ಶಾ ಅದರೊಳಗೆ ಮಲಗಿ ಕೆಲವು ವರ್ಷಗಳಾಗಿದ್ದವು. ತಾತನನ್ನು ಕೂರಿಸಿಕೊಂಡು “ಎಷ್ಟು ಚೆಂದ, ಥೇಟ್ ಮೊಮ್ಮಗನ ಹಾಗೇ ಇದ್ದೀರಿ” ಎಂದು ಹೊಗಳುವ ಪದ್ಧತಿ ಪ್ರವಾಸೋದ್ಯಮದಲ್ಲಿ ಮಾತ್ರ ಇದೆ. ಅಲ್ಲಿನ ಕಿಟಕಿಗಳ ಜಾಲರಿ ಅರಬ್ಬಿ ಅಕ್ಷರಗಳದ್ದು. ಕಲ್ಲನ್ನೇ ಕೊರೆದು ಅಕ್ಷರ ಮಾಡಿ, ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುವಂತೆ ಮಾಡಿದ್ದಾರೆ. ಆ ಬೆಳಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಬರುತ್ತದೆ ಎಂಬ ದೂರು ಸೆಲ್ಫಿ ಪ್ರಿಯರದು.

ಈ ಇಬ್ರಾಹಿಂ ‘ಕಿತಾಬ್-ಇ-ನೌರಸ್’ ಎಂಬ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ, ಜಗದ್ಗುರು ಎನಿಸಿಕೊಂಡ. ಇದನ್ನು ಬಸ್ಸಿನಲ್ಲಿ ಹೇಳಿ ನೋಡಿ. ಹಿಂದಿನ ಸೀಟಿನಲ್ಲಿ ಅದುವರೆಗೆ ಯಾರು ಯಾರ ಗುಡಿ ಕೆಡವಿದರು ಎಂದು ವಾಟ್ಸ್ಆ್ಯಪ್ ಸಾಕ್ಷಿ ಸಮೇತ ವಾದಿಸುತ್ತಿದ್ದ ಎರಡೂ ಪಕ್ಷಗಳು ನಿಮ್ಮನ್ನೇ ಗುಮಾನಿಯಿಂದ ನೋಡುತ್ತವೆ. ಫಾರ್ವರ್ಡ್ ಮಾಡಲು ಬಾರದ ಸುಲ್ತಾನ ಇದ್ದೇನು ಪ್ರಯೋಜನ?

ಜಾಮಿ ಮಸೀದಿಯನ್ನು ಬಸ್ಸಿನಿಂದಲೇ ತೋರಿಸುತ್ತಾರೆ. ನೆಲದ ಮೇಲೆ ನಮಾಜಿಗೆ 2250 ಚೌಕ ಗುರುತಿಸಿದ ವಿಶಾಲವಾದ ಒಳಾಂಗಣ, ಚಿನ್ನದ ಬರಹದ ಮಿಹ್ರಾಬ್ ಎಲ್ಲ ಇದೆ. ಪ್ರಯಾಣಿಕರ ಪ್ರಶ್ನೆ ಒಂದೇ: “ಕೂಗಿದ್ರೆ ವಾಪಸ್ ಬರುತ್ತಾ?” ಇಲ್ಲ. “ಮತ್ತೆ ಇಳಿದು ಏನ್ಮಾಡೋದು?”

ಮಲಿಕ್-ಇ-ಮೈದಾನ್ ತೋಪಿನ ಹತ್ತಿರ ಮಾತ್ರ ಎಲ್ಲರೂ ಇಳಿಯುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್, ಬಾಯಿಯ ಕಡೆ ಆನೆಯನ್ನು ಅಗಿಯುತ್ತಿರುವ ಸಿಂಹ. ಆ ಸಿಂಹದ ಬಾಯಿಗೆ ತಲೆ ತೂರಿಸಿ ಫೋಟೊ ಹೊಡೆಸಿಕೊಳ್ಳುವುದು ವಾಡಿಕೆ. 1854ರಲ್ಲಿ ಬ್ರಿಟಿಷ್ ಆಡಳಿತ ಇದನ್ನು ಕೆಲಸಕ್ಕೆ ಬಾರದ ದಾಸ್ತಾನೆಂದು ಹರಾಜಿಗಿಟ್ಟಿತ್ತು. ಸವಾಲು 150 ರೂಪಾಯಿಗೆ ನಿಂತಿತು. ಊರವರಿಗೆ ಅದರ ಮೇಲಿದ್ದ ಭಕ್ತಿ ಬಲ್ಲ ಅಧಿಕಾರಿಯೊಬ್ಬ ಮಾರಾಟ ರದ್ದುಮಾಡಿದ. ಆ ಬಿಡ್ಡುದಾರನ ಮೇಲೆ ನನಗೆ ಗೌರವವಿದೆ. ಬಿಜಾಪುರದಲ್ಲಿ ಕೂಗಿದವರ ಪೈಕಿ, ಎದುರಿಗಿರುವ ವಸ್ತುವನ್ನು ಸರಿಯಾಗಿ ನೋಡಿ ಆಮೇಲೆ ಕೂಗಿದವನು ಬಹುಶಃ ಅವನೊಬ್ಬನೇ.