ಡೋರ್ ಹ್ಯಾಂಡಲ್ ರಾಯರು

ರಾಯರಿಗೆ ಕಾರು ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಬೀದಿಯಲ್ಲಿ ಯಾರದೋ ಕಾರಿನ ಬಾಗಿಲು ‘ಟಕ್’ ಎಂದು ತೆರೆದರೆ ಅವರ ಕೈಯಲ್ಲಿನ ಪೇಪರು ಅಲ್ಲಾಡುವುದಿಲ್ಲ. ‘ಕಿರ್ರ್... ಕಟಕ್’ ಎಂದಿತೋ, ಪೇಪರು ಕೆಳಗೆ, ಕಾಲು ಚಪ್ಪಲಿಗೆ. ಮುಂದಿನ ಅರ್ಧ ಗಂಟೆ ಆ ಕಾರು ಅದರ ಯಜಮಾನನ ಕೈಯಲ್ಲಿರುವುದಿಲ್ಲ.

ಇಂಥವರೊಬ್ಬರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲೆಲ್ಲ ಇದ್ದೇ ಇರುತ್ತಾರೆ. ಕೆಲವರಿಗೆ ನಲ್ಲಿಯ ವಾಷರ್, ಕೆಲವರಿಗೆ ಗೇಟಿನ ಕೀಲು, ಕೆಲವರಿಗೆ ಸಂಪಿನ ಮೋಟಾರು. ಮತ್ತಿಕೆರೆಯ ಈ ರಾಯರಿಗೆ ಒಲಿದದ್ದು ಡೋರ್ ಹ್ಯಾಂಡಲ್. ಎಂಜಿನ್ ಹೊಗೆ ಕಾರಲಿ, ಬ್ರೇಕ್ ಕಿರುಚಲಿ, ‘ಅದಕ್ಕೆ ಗ್ಯಾರೇಜಿದೆ’ ಎಂದು ಕೈಬಿಡುತ್ತಾರೆ. ಹಿಡಿಯೊಂದು ಬಿಗಿಯಾದರೆ ಮಾತ್ರ ಅವರಿಗೆ ಊಟ ಸೇರದು.

ಅವರ ಪಕ್ಕದ ಮನೆಯಲ್ಲಿ, ಪತ್ರಿಕೆಗಳಿಗೆ ಬರೆದು ಬದುಕುವ ಬಡಪಾಯಿಯೊಬ್ಬನಿದ್ದಾನೆ. ಹೆಸರು ಬೇಡ, ಈ ಲೇಖನದ ಜೊತೆ ಹೇಗೂ ಅಚ್ಚಾಗಿರುತ್ತದೆ. ಅವನ ನಾದಿನಿಯ ನಿಶ್ಚಿತಾರ್ಥ ತುಮಕೂರಿನಲ್ಲಿ. ರಾಹುಕಾಲಕ್ಕೆ ಮುಂಚೆ ಹೊರಡಬೇಕು. ರೇಷ್ಮೆ ಸೀರೆ, ಜರಿ ಪಂಚೆ, ಹಣ್ಣಿನ ಬುಟ್ಟಿ ಎಲ್ಲವೂ ಕಾರಿನ ಪಕ್ಕ ಸಿದ್ಧವಾಗಿ ನಿಂತಿವೆ. ಹಿಂಬಾಗಿಲ ಹಿಡಿ ಮಾತ್ರ ಎಳೆದದ್ದು ಎಳೆದ ಹಾಗೇ ನಿಂತುಬಿಟ್ಟಿತು.

‘ಎಷ್ಟು ದಿನದಿಂದ ಹೀಗೆ?’

ರಾಯರು ಬಂದಾಗಿತ್ತು, ಬಟ್ಟೆ ಚೀಲದ ಸಮೇತ.

‘ಅವಸರ ಇದೆ ಸಾರ್’ ಎಂದರೆ ‘ಎರಡೇ ನಿಮಿಷ’ ಎಂದರು. ಹಿಡಿಯ ಹಿಂದೊಂದು ಪಿನ್ನು, ಪಿನ್ನಿಗೊಂದು ಸ್ಪ್ರಿಂಗು, ಅಲ್ಲಿಂದ ಬಾಗಿಲೊಳಗೆ ಇಳಿಯುವ ಕಂಬಿ, ಕಂಬಿಯ ಕೊನೆಗೆ ಲಾಚು. ಧೂಳೂ ಒಣಗಿದ ಹಳೇ ಗ್ರೀಸೂ ಸೇರಿ ಗಟ್ಟಿಯಾದರೆ ಹಿಡಿಯನ್ನು ವಾಪಸ್ ಎಳೆಯಲು ಸ್ಪ್ರಿಂಗಿಗೆ ಶಕ್ತಿ ಸಾಲದು. ಇಷ್ಟು ವಿವರಿಸುವಷ್ಟರಲ್ಲಿ ಮಾವನವರ ಫೋನು ಎರಡು ಸಲ ಬಂತು. ಬಡಪಾಯಿಯ ಭಾವಮೈದ ಚುರುಕು ಹುಡುಗ. ಡಿಕ್ಕಿಯಿಂದ ಡಬ್ಲ್ಯೂಡಿ-40 ಡಬ್ಬಿ ತೆಗೆದು ಮುಂದೆ ಹಿಡಿದ. ಅನಾಹುತವಾದದ್ದು ಅಲ್ಲೇ.

‘ಇದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ್ದು, ನೀರು ಓಡಿಸೋದಕ್ಕೆ. ಮೂವತ್ತೊಂಬತ್ತು ಸಲ ಕೆಟ್ಟು ನಲವತ್ತನೇ ಸಲ ಸರಿಹೋಯ್ತು. ಮೊದಲು ಬಳಿದಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ, ತುಕ್ಕು ಹಿಡೀಬಾರ್ದು ಅಂತ. ನಿಮ್ಮದು ಕ್ಷಿಪಣಿಯೇನ್ರೀ?’

ಆದರೂ ಡಬ್ಬಿ ಕಸಿದುಕೊಂಡು ಒಮ್ಮೆ ಹೊಡೆದರು. ಕೊಳೆ ಬಿಡಿಸುವುದಕ್ಕೆ ಅದು ಆದೀತಂತೆ, ಆದರೆ ಬೇಗ ಆರಿಹೋಗುತ್ತದೆ, ಅದನ್ನೇ ನಂಬಿ ಕೂತರೆ ಹಿಡಿ ಮತ್ತೆ ಮುನಿಯುತ್ತದೆ. ಆಮೇಲೆ ಒರೆಸಿ, ಪ್ಲಾಸ್ಟಿಕ್ ಮತ್ತು ರಬ್ಬರು ಇರುವ ಕಡೆಗೆ ಸಿಲಿಕೋನ್ ಸ್ಪ್ರೇ. ಲೋಹಕ್ಕೆ ಲೋಹ ತಿಕ್ಕುವ ಲಾಚಿಗೆ ಬಿಳಿ ಲಿಥಿಯಂ ಗ್ರೀಸು. ಬೀಗದ ಕೈ ತೂರಿಸುವ ಕಿಂಡಿಗೆ ಎಣ್ಣೆ ಕೂಡದು, ಧೂಳು ಅಂಟುತ್ತದೆ, ಅಲ್ಲಿಗೆ ಗ್ರಾಫೈಟ್ ಪುಡಿ. ಹಿಡಿ ಬೆಣ್ಣೆಯಂತಾಯಿತು. ಅಷ್ಟರಲ್ಲಿ ರಾಹುಕಾಲವೂ ಹಿಡಿದಿತ್ತು. ಗ್ರೀಸು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ ಎಂದು ರಾಯರು ಹೇಳಿದ್ದು ನಿಜ. ಜರಿ ಪಂಚೆಯ ಅಂಚೇ ಅದಕ್ಕೆ ಸಾಕ್ಷಿ.

ಅವರು ಕಾಸು ಮುಟ್ಟುವುದಿಲ್ಲ. ಕಾಫಿ ಕೊಟ್ಟರೆ ಸಕ್ಕರೆ ಕಮ್ಮಿಯಾಯಿತು ಎಂದು ಹೇಳಿಯೇ ಕುಡಿಯುತ್ತಾರೆ. ಅಡುಗೆಮನೆಯ ಎಣ್ಣೆಯನ್ನು ಕಾರಿಗೆ ಹಾಕುವವರನ್ನು ಮಾತ್ರ ಅವರು ಕ್ಷಮಿಸರು. ಮೂಲೆಮನೆಯ ಮೇಷ್ಟ್ರು ಹಿಡಿಗೆ ತೆಂಗಿನೆಣ್ಣೆ ಬಿಟ್ಟಿದ್ದರು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಡಿಸೆಂಬರ್ ಮುಂಜಾವು 16ರ ಆಸುಪಾಸು. ಮೇಷ್ಟ್ರು ಹಿಡಿ ಜಗ್ಗುತ್ತಿದ್ದರೆ ರಾಯರು ಮಫ್ಲರ್ ಸುತ್ತಿಕೊಂಡು ಎದುರು ಕಟ್ಟೆಯ ಮೇಲೆ ಕೂತರು. ‘ಹತ್ತು ಗಂಟೆ ಬಿಸಿಲಿಗೆ ತಾನೇ ಕರಗತ್ತೆ, ಮೇಷ್ಟ್ರೇ. ಅಲ್ಲೀವರೆಗೆ ಬನ್ನಿ, ಕೂತ್ಕೊಳ್ಳಿ.’

ಇಷ್ಟಾಗಿ ರಾಯರಿಗೆ ಸ್ವಂತ ಕಾರಿಲ್ಲ.

ಅವರು ದುಡಿದದ್ದು ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಅದು. ಕೈಗಡಿಯಾರದೊಳಗಿನ ಪುಟ್ಟ ಹರಳಿಗೆ ಎಣ್ಣೆ ಇಡುವುದೆಂದರೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು. ಹೆಚ್ಚಾದರೆ ಹರಿದು ಬೇರೆಡೆ ಅಂಟುತ್ತದೆ, ಕಮ್ಮಿಯಾದರೆ ಒಳಗೇ ಸವೆಯುತ್ತದೆ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ರಾಯರ ಬೆರಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಇಂಥ ಕೈಗಳಿಗೆ ಊರಿನಲ್ಲಿ ಇನ್ನಷ್ಟು ಕೆಲಸ ಸಿಗಬೇಕಿತ್ತು ಎಂದು ಬಡಪಾಯಿಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಬೀರು ತೆಗೆದು ಪಂಚೆ ನೋಡಿದ ಕೂಡಲೇ ಆ ಯೋಚನೆ ಇಳಿಯುತ್ತದೆ.

ಮೊನ್ನೆ ಎದುರುಮನೆಗೆ ಬಾಡಿಗೆಗೆ ಬಂದ ಹುಡುಗನದು ಹೊಸ ಕಾರು. ಹಿಡಿ ಬಾಗಿಲಿನ ಮಟ್ಟಕ್ಕೇ ಅಡಗಿರುತ್ತದೆ, ಕೀಲಿಯ ಗುಂಡಿ ಒತ್ತಿದರೆ ಮೋಟಾರು ಅದನ್ನು ಹೊರಗೆ ತಳ್ಳುತ್ತದೆ. ರಾಯರು ಎರಡು ಸುತ್ತು ಬಂದರು. ಎಳೆಯಲು ಏನೂ ಸಿಗದೆ ಮುಖ ಸಪ್ಪೆಯಾಯಿತು. ಹುಡುಗ ಗುಂಡಿ ಒತ್ತಿದ. ಹಿಡಿ ಹೊರಗೆ ಬಂತು, ರಾಯರು ಬಗ್ಗಿದರು, ಸಂದಿಯೊಳಗೆ ಉಗುರು ತೂರಿಸಿದರು.

‘ಇಲ್ಲಿ ಧೂಳು ಕೂರತ್ತಲ್ಲಪ್ಪಾ. ಭಾನುವಾರ ಮನೇಲಿರ್ತೀಯಾ?’

ಬೀದಿಗೆ ಹೊಸಬ, ಪಾಪ. ‘ಇರ್ತೀನಿ, ಬನ್ನಿ ಅಂಕಲ್’ ಎಂದುಬಿಟ್ಟ.