ಬೋರ್ಡಿನ ಹೆಸರು ಯಾರಪ್ಪನ ಸೊತ್ತು?

ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮನೆ ಮಾಡಿರುವ ಕನ್ನಡಿಗ ಗಂಡಸಿಗೆ ನಲವತ್ತು ದಾಟುತ್ತಲೇ ಎರಡು ಕಾಯಿಲೆ ಅಂಟಿಕೊಳ್ಳುತ್ತವೆ. ಒಂದು ಬೆನ್ನುನೋವು. ಇನ್ನೊಂದು, ‘ಸಾಕಾಯ್ತು ಈ ಐಟಿ, ಸ್ವಂತದ್ದೇನಾದರೂ ಮಾಡ್ಬೇಕು ಕಣಯ್ಯಾ’ ಎಂಬ ಗೀಳು. ಬೆನ್ನಿಗೆ ಫಿಸಿಯೋ ಇದ್ದಾನೆ. ಗೀಳಿಗೆ ಫ್ರಾಂಚೈಸಿ ಮಾರುವವನಿದ್ದಾನೆ: “ರಿಸ್ಕೇ ಇಲ್ಲ ಸಾರ್. ಹೆಸರು ನಮ್ಮದು, ಅಂಗಡಿ ನಿಮ್ಮದು.” ಇದರಲ್ಲಿ ಮೊದಲ ಮಾತು ಶುದ್ಧ ಸುಳ್ಳು, ಎರಡನೆಯದು ಅಕ್ಷರಶಃ ನಿಜ. ನಮ್ಮವರು ಹಿಗ್ಗುವುದು ಮಾತ್ರ ಮೊದಲನೆಯದಕ್ಕೆ.

ಮನೆ ಮೇಲೆ ಇನ್ನಷ್ಟು ಸಾಲ ಎತ್ತಿ, ಅಂಗಡಿ ಬಾಡಿಗೆಗೆ ಸ್ವಂತ ಜಾಮೀನು ಬರೆದುಕೊಟ್ಟು, ಕಂಪನಿ ಹೇಳಿದ ಬಣ್ಣವನ್ನೇ ಗೋಡೆಗೆ ಬಳಿಸಿ, ಕಂಪನಿ ತೋರಿಸಿದವನಿಂದಲೇ ಕೈ ಒರೆಸುವ ಕಾಗದ ಕೊಂಡು, ಪ್ರಚಾರ ನಿಧಿಗೂ ವಂತಿಗೆ ಸಲ್ಲಿಸಿದ ಮೇಲೆ ಕೈಗೆ ಸಿಗುವುದು ಹೆಸರಲ್ಲ. ಹೆಸರು ಹಚ್ಚಿಕೊಳ್ಳಲು ಅನುಮತಿ. ಅನುಮತಿ ಕೊಟ್ಟ ಪುಣ್ಯಾತ್ಮನೇ ದಿವಾಳಿಯಾದರೆ?

ಆಗಬಾರದೇಕೆ? ಸಿಡ್ನಿಯಲ್ಲೇ ಹುಟ್ಟಿದ ‘ಪೈ ಫೇಸ್’ ಪ್ರತಿ ಪೈ ಮೇಲೂ ಒಂದು ಮುಖ ಬರೆದು ಮಾರುತ್ತಿತ್ತು. ಒಳಗಿನ ಹೂರಣಕ್ಕೆ ತಕ್ಕಂತೆ ಮುಖಭಾವ. ನ್ಯೂಯಾರ್ಕಿಗೂ ಹೋಗಿ ಮುಖ ತೋರಿಸಿ ಬಂತು. 2014ರ ನವೆಂಬರಿನಲ್ಲಿ ಕಂಪನಿ, ಮುಳುಗುವವರ ಉಸ್ತುವಾರಿಗೆ ಬರುವ ಅಡ್ಮಿನಿಸ್ಟ್ರೇಟರ್ ಕೈಗೆ ಹೋಯಿತು. ಆ ದಿನ ಫ್ರಾಂಚೈಸಿ ಕೊಂಡವರ ಮುಖ ಹೇಗಿತ್ತೆಂದು ಯಾರೂ ಪೈ ಮೇಲೆ ಬರೆಯಲಿಲ್ಲ. 2017ರಲ್ಲಿ ಆ ಹೆಸರನ್ನು ಕೊಂಡದ್ದು ಯುನೈಟೆಡ್ ಪೆಟ್ರೋಲಿಯಂ, ಪೆಟ್ರೋಲ್ ಬಂಕಿನ ಕಂಪನಿ.

ಆಂಗಸ್ ಅಂಡ್ ರಾಬರ್ಟ್‌ಸನ್ನಿನ ಕಥೆ ಇನ್ನೂ ರಸವತ್ತಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಪುಸ್ತಕದಂಗಡಿ ಅದು. 2011ರ ಫೆಬ್ರವರಿಯಲ್ಲಿ ಒಡೆಯ ಕಂಪನಿ ರೆಡ್‌ಗ್ರೂಪ್ ಕುಸಿಯಿತು. ಗಿಫ್ಟ್ ಕಾರ್ಡ್ ಹಿಡಿದು ಬಂದವರಿಗೆ, ಕಾರ್ಡಿನಲ್ಲಿರುವಷ್ಟೇ ದುಡ್ಡು ಕೈಯಿಂದಲೂ ಹಾಕಿದರೆ ಮಾತ್ರ ಅದು ನಡೆಯುತ್ತದೆ ಎಂಬ ಷರತ್ತು ಬಂತು. ಉಡುಗೊರೆಗೂ ಮುಯ್ಯಿ! ಊರೂರಿನಲ್ಲಿ ಅದೇ ಬೋರ್ಡಿನಡಿ ಸ್ವಂತ ದುಡ್ಡಲ್ಲಿ ಅಂಗಡಿ ಇಟ್ಟವರೂ ಇದ್ದರು. ಗಿರಾಕಿಗೆ ಕಂಪನಿ ಅಂಗಡಿ ಯಾವುದು, ಫ್ರಾಂಚೈಸಿ ಯಾವುದು ಎಂದು ಗೊತ್ತಾಗುವುದು ಹೇಗೆ? ಅವನು ಬೈಯುವುದು ಬೋರ್ಡು ನೋಡಿ. ಕೊನೆಗೆ ಎಷ್ಟೋ ಜನ ಬೋರ್ಡು ಇಳಿಸಿ ಬೇರೆ ಹೆಸರಿಟ್ಟುಕೊಂಡರು. ಆ ಹೆಸರಿನ ಆನ್‌ಲೈನ್ ಅಂಗಡಿ ಮೊದಲು ಪಿಯರ್ಸನ್ ಪಾಲಾಯಿತು, 2015ರಲ್ಲಿ ಬುಕ್‌ಟೋಪಿಯಾದ ಪಾಲಾಯಿತು. 2024ರ ಜುಲೈನಲ್ಲಿ ಬುಕ್‌ಟೋಪಿಯಾವೂ ಅಡ್ಮಿನಿಸ್ಟ್ರೇಟರ್ ಕೈಗೆ ಬಿತ್ತು.

ಇನ್ನು ಆಸ್ಟ್ರೇಲಿಯಾದ ಕಾನೂನು. ಜುಲೈ 1, 2018ರಿಂದ ಈಚೆಗೆ ಮಾಡಿಕೊಂಡ ಒಪ್ಪಂದವಾದರೆ, ಕಂಪನಿ ಅಡ್ಮಿನಿಸ್ಟ್ರೇಷನ್ನಿಗೆ ಹೋಯಿತೆಂಬ ಒಂದೇ ಕಾರಣಕ್ಕೆ ನೀವು ಅದನ್ನು ಮುರಿಯುವಂತಿಲ್ಲ. ಗಂಡ ಐಸಿಯುನಲ್ಲಿದ್ದಾಗ ವಿಚ್ಛೇದನ ಕೇಳಬಾರದು ಎಂಬಂಥ ಸಂಸ್ಕಾರ ಇದು. ನೀವು ಬಿಡುವಂತಿಲ್ಲ, ಅವರು? ಮುಂದೆ ಕಂಪನಿ ಮುಚ್ಚಿ ಆಸ್ತಿ ಮಾರಲು ಲಿಕ್ವಿಡೇಟರ್ ಬಂದರೆ, ನಷ್ಟದ್ದೆನಿಸಿದ ಒಪ್ಪಂದವನ್ನು ಕಾರ್ಪೊರೇಷನ್ಸ್ ಆ್ಯಕ್ಟಿನ 568ನೇ ಸೆಕ್ಷನ್ನಿನಡಿ ಕೈಬಿಡಬಹುದು. ವಿಲ್‌ಮಾಟ್ ಫಾರೆಸ್ಟ್ಸ್ ದಿವಾಳಿಯಾದಾಗ, ಅದರ ನೆಲವನ್ನು ಗೇಣಿಗೆ ಪಡೆದು ಮರ ಬೆಳೆಸುತ್ತಿದ್ದವರು ಹೈಕೋರ್ಟಿನವರೆಗೂ ಹೋದರು. ಅದು ಆ ದೇಶದ ಸುಪ್ರೀಂ ಕೋರ್ಟು. ನೆಲದೊಡೆಯನ ಲಿಕ್ವಿಡೇಟರ್ ಗೇಣಿಯನ್ನೂ ಕಿತ್ತೆಸೆಯಬಹುದೆಂದು 2013ರ ಡಿಸೆಂಬರಿನಲ್ಲಿ ತೀರ್ಪಾಯಿತು. ಕಾಲೂರಿದ ನೆಲಕ್ಕೇ ಈ ಗತಿಯಾದರೆ, ಗಾಳಿಯಲ್ಲಿರುವ ಹೆಸರಿನ ಲೈಸೆನ್ಸಿಗೆ ಏನು ಗತಿ? ಪರಿಹಾರ ಕೇಳಬಹುದು, ಬೇಡವೆಂದವರಾರು. ಬ್ಯಾಂಕು ಉಂಡೆದ್ದ ಮೇಲೆ ಕೊನೇ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ.

ಅಮೆರಿಕದವರು ಈ ವಿಷಯದಲ್ಲಿ ವಾಸಿ. ಮಿಷನ್ ಪ್ರಾಡಕ್ಟ್ ಮತ್ತು ಟೆಂಪ್ನಾಲಜಿ ನಡುವಿನ ಮೊಕದ್ದಮೆಯಲ್ಲಿ, ದಿವಾಳಿಯಾದವನು ಒಪ್ಪಂದ ತಿರಸ್ಕರಿಸಿದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಬಳಸುವ ಹಕ್ಕು ಹೋಗುವುದಿಲ್ಲವೆಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಫ್ರಾಂಚೈಸಿ ಕೊಳ್ಳುವವನನ್ನು ಗ್ರಾಹಕನೆಂದೇ ನೋಡಬೇಕೆಂದು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೆನ್ನಿ ಬುಕನ್ 2013ರಲ್ಲೇ ಪುಸ್ತಕ ಬರೆದರು. ಪಾಂಡ್ಸ್‌ನಲ್ಲಿ ಅದನ್ನು ಓದುವವರು ಯಾರು? ಅಲ್ಲಿ ಎಲ್ಲರೂ ಉದ್ಯಮಿಗಳು.

ಹೆಸರಿಗೆ ಬೆಲೆ ಕಟ್ಟುವ ಚಂದ ನೋಡಬೇಕಾದರೆ ನಮ್ಮ ಬೆಂಗಳೂರೇ ಸಾಕು. ಕಿಂಗ್‌ಫಿಶರ್ ಏರ್‌ಲೈನ್ಸ್ ಹೆಸರನ್ನು ಸಾವಿರಾರು ಕೋಟಿ ಬಾಳುತ್ತದೆಂದು ನಂಬಿ ಬ್ಯಾಂಕುಗಳು ಅಡವಿಟ್ಟುಕೊಂಡಿದ್ದವು. 2016ರ ಏಪ್ರಿಲಿನಲ್ಲಿ ಹರಾಜು ಕೂಗಿದಾಗ ಕನಿಷ್ಠ ಬೆಲೆ 366.70 ಕೋಟಿ ರೂಪಾಯಿ. ಒಬ್ಬನೂ ಬರಲಿಲ್ಲ. ಬೆಲೆ ಇಳಿಸಿ ಮತ್ತೆ ಕೂಗಿದರು; ಆಗಲೂ ಇಲ್ಲ.

ಪಾಂಡ್ಸ್‌ನ ನಮ್ಮವನಿಗೆ ಸಹಿ ಹಾಕುವುದಕ್ಕೆ ಕನಿಷ್ಠ 14 ದಿನ ಮೊದಲು ಒಂದು ದಪ್ಪ ಮಾಹಿತಿ ಪತ್ರ ಸಿಗುತ್ತದೆ. ಟ್ರೇಡ್‌ಮಾರ್ಕ್ ವಿವರ ಅದರಲ್ಲೇ ಇರುತ್ತದೆ. ಎಷ್ಟೋ ಸಲ ಹೆಸರಿನ ಒಡೆತನ ಸಹಿ ಹಾಕುವ ಕಂಪನಿಯದ್ದಲ್ಲ, ಅದರ ದಾಯಾದಿ ಕಂಪನಿಯದ್ದು. ನಮ್ಮ ಸಾಲ ನಾವು ತೀರಿಸಬಲ್ಲೆವು ಎಂದು ನಿರ್ದೇಶಕರೇ ರುಜು ಹಾಕಿದ ಹೇಳಿಕೆಯೂ ಜೊತೆಗಿರುತ್ತದೆ, ನಂಬುವವರಿಗೆ. ಟ್ರೇಡ್‌ಮಾರ್ಕ್ ನೋಂದಾಯಿಸುವ ಐಪಿ ಆಸ್ಟ್ರೇಲಿಯಾದ ಜಾಲತಾಣದಲ್ಲಿ ಹೆಸರಿನ ಒಡೆಯ ಯಾರೆಂದು ಪುಕ್ಕಟೆ ನೋಡಬಹುದು. ಅವನ ಸ್ವತ್ತು ಯಾವ ಬ್ಯಾಂಕಿಗೆ ಒತ್ತೆ ಬಿದ್ದಿದೆಯೆಂದು ಪಿಪಿಎಸ್‌ಆರ್ ಎಂಬ ಸರ್ಕಾರಿ ಒತ್ತೆ ದಾಖಲೆಯಲ್ಲಿ ಹುಡುಕಲು ಎರಡು ಡಾಲರ್. ನಮ್ಮವನು ಎರಡು ವಾರವೂ ಕಾಫಿ ಮಷೀನಿನ ವಾರಂಟಿ ಓದುತ್ತಾ ಕೂತ.

“ರೀ, ಬೋರ್ಡ್ ಮೇಲಿರೋ ಹೆಸರು ಯಾರದ್ದು ಅಂತ ನೋಡಿದ್ರಾ?” ಎಂದಳು ಹೆಂಡತಿ.

“ನಮ್ದೇ ಕಣೇ. ಹತ್ತು ವರ್ಷಕ್ಕೆ ಅಗ್ರಿಮೆಂಟ್ ಆಗಿದೆ.”